ಕವಲಿನಲ್ಲಿಟ್ಟ ಸೊಪ್ಪು

ಗುಂಡ್ಲುಪೇಟೆ
೨೧ ನವೆಂಬರ್ ೧೯೯೯, ಭಾನುವಾರ

ಸೋಮಶೇಖರ್ ಅವರಿಗೆ, ಗುರುಮಲ್ಲಮ್ಮನ ನಮಸ್ಕಾರಗಳು.

ಲಕೋಟೆಯ ಮೇಲೆ ಬಿಟ್ಟರೆ ಗಂಡನ ಹೆಸರನ್ನು ನಾನು ಬರೆದದ್ದು ಇದೇ ಮೊದಲು. ಹಿಂದೆಲ್ಲ ಮೇಲೊಂದು ‘ಶ್ರೀ’ ಹಾಕಿ ನೇರವಾಗಿ ವಿಷಯಕ್ಕೆ ಇಳಿಯುತ್ತಿದ್ದೆ. ನೀವು ಮೈಸೂರಿನಲ್ಲಿ, ನಾನಿಲ್ಲಿ ಎಂದಾಗಿ ಏಳು ವರ್ಷವಾದ ಮೇಲೆ ಹಾಗೆ ಇಳಿಯಲು ಕಾಲು ಬರಲಿಲ್ಲ.

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಜೊತೆಗಿಟ್ಟಿದ್ದ ಅಚ್ಚಿನ ಹಾಳೆಯನ್ನೂ ನೋಡಿದೆ. ನಿಮ್ಮ ಜೀಪ್ ಕ್ಲಬ್ಬಿನ ಹೆಸರು, ಕೆಳಗೊಂದು ಕೆಸರಾದ ಜೀಪಿನ ಚಿತ್ರ, ಅದರ ಕೆಳಗೆ ಖಾಲಿ ಚೌಕ. ಆ ಚೌಕದಲ್ಲಿ ನಮ್ಮ ನೀಲಿ ನೋಟ್‌ಬುಕ್ಕಿನ ನಕ್ಷೆಗಳು ಬರಬೇಕು, ಇಂಟರ್‌ನೆಟ್ಟಿನಲ್ಲಿ ಯಾವ ದೇಶದವರು ಬೇಕಾದರೂ ತೆಗೆದು ನೋಡಬಹುದು ಎಂದು ಬರೆದಿದ್ದೀರಿ. ಪುಣಜನೂರಿನ ಕಡೆ ಕಾಡುಗಳ್ಳರ ಭಯ, ಈಗ ಯಾರೂ ಸುಮ್ಮನೆ ಸುತ್ತುವ ಕಾಲವಲ್ಲವಾದ್ದರಿಂದ ಗುಂಡ್ಲುಪೇಟೆ ಸುತ್ತಿನ ಹದಿನಾಲ್ಕು ದಾರಿಗಳು ಸಾಕು ಎಂದಿದ್ದೀರಿ. ಅದರಲ್ಲೂ ಏಳನೆಯದನ್ನು ಬಿಟ್ಟುಬಿಡೋಣ, ಅದು ನನ್ನ ಬಾಯಿಯ ತಪ್ಪು ಎಂದು ಒಂದು ಸಾಲು ಸೇರಿಸಿದ್ದೀರಿ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ತಿಳಿಯದು.

ನೋಟ್‌ಬುಕ್ ನನ್ನ ಬಳಿಯೇ ಇದೆ. ಬೀರುವಿನಲ್ಲಿ, ಕವನ ಸಂಕಲನಗಳ ಸಾಲಿನಲ್ಲೇ ಇಟ್ಟಿದ್ದೇನೆ. ನಿಮ್ಮ ಕಾಗದ ಬಂದ ದಿನ ತೆಗೆದು ಕೂತೆ. ಎಪ್ಪತ್ತೈದನೆಯ ಇಸವಿಯ ಭಾನುವಾರಗಳು ಒಂದೊಂದಾಗಿ ಎದ್ದು ಬಂದವು. ನೀವು ಜಾವಾ ಬೈಕು ಓಡಿಸುತ್ತಿದ್ದಿರಿ. ನಾನು ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಎಡಗೈಯಲ್ಲಿ ನಿಮ್ಮ ಹೆಗಲು ಹಿಡಿದು, ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದೆ. ನೀವು ಮೀಟರ್ ನೋಡಿ ಕಿಲೋಮೀಟರ್ ಕೂಗುತ್ತಿದ್ದಿರಿ. ಜಾಗದ ಹೆಸರು ನನ್ನದು. ನಗುವ ಬಂಡೆ, ಬೋಳು ಆಲ, ಅತ್ತೆ-ಸೊಸೆ ದಿಣ್ಣೆ. ಗಾಡಿ ಜಾಡು ಒಳ್ಳೆಯದಿದ್ದಲ್ಲಿ ನನ್ನ ಅಕ್ಷರ ದುಂಡಗಿದೆ. ಕಲ್ಲು ಕೊರಕಲು ಬಂದಲ್ಲಿ ಒಂದೊಂದು ಅಕ್ಷರವೂ ಕುಣಿದು ಸಾಲಿನಿಂದ ಹೊರಗೆ ಬಿದ್ದಿದೆ. ಹಾಳೆಯ ಮೇಲೆ ಬೆರಳಾಡಿಸಿದರೆ ಇಂದಿಗೂ ಎಲ್ಲಿ ಗುಂಡಿಯಿತ್ತೆಂದು ಹೇಳಬಲ್ಲೆ.

ಸೊಪ್ಪಿನ ಪದ್ಧತಿ ಕಲಿತದ್ದೂ ಆ ದಿನಗಳಲ್ಲೇ. ಸಂತೆಗೋ ಸೌದೆಗೋ ಹೊರಟ ಗುಂಪಿನಲ್ಲಿ ಮುಂದೆ ಹೋದವರು, ದಾರಿ ಕವಲಾದಲ್ಲಿ, ತಾವು ಹೋಗದ ದಾರಿಯ ಮೇಲೆ ಹಸಿ ತಂಗಡಿ ಸೊಪ್ಪು ಮುರಿದಿಟ್ಟು ಮೇಲೊಂದು ಕಲ್ಲು ಹೇರುತ್ತಿದ್ದರು. ಹಿಂದೆ ಬರುವವರು ಅದನ್ನು ನೋಡಿ ಇನ್ನೊಂದು ದಾರಿ ಹಿಡಿಯುತ್ತಿದ್ದರು. ಸಂಜೆಯ ಹೊತ್ತಿಗೆ ಸೊಪ್ಪು ಬಾಡುತ್ತಿತ್ತು. ಆಗ ಆ ಮಾತು ಮುಗಿಯಿತು. ಹಿಂದೆಯೇ ಬರುವ ತಮ್ಮವರಿಗಷ್ಟೇ ಹೇಳಿದ ಮಾತು ಅದು.

ನಿಮ್ಮ ವಾದವನ್ನು ನಾನು ತಳ್ಳಿಹಾಕುತ್ತಿಲ್ಲ. ಎತ್ತಿನ ಗಾಡಿಗಳು ಹೋದವು, ಜಾಡುಗಳನ್ನು ಉತ್ತು ಹೊಲಕ್ಕೆ ಸೇರಿಸಿಕೊಳ್ಳುತ್ತಿದ್ದಾರೆ, ಉಳಿದದ್ದಕ್ಕೆ ಟಾರು ಬರುತ್ತಿದೆ, ಬರೆದಿಡದಿದ್ದರೆ ಇಂಥ ದಾರಿಗಳಿದ್ದವೆಂದು ಯಾರಿಗೂ ತಿಳಿಯದು ಎಂದಿದ್ದೀರಿ. ನಕ್ಷೆಯಿಲ್ಲದ ಹುಡುಗರು ದಾರಿ ತಪ್ಪಿ ಬೆಳೆಯ ಮೇಲೆ ಜೀಪು ಹತ್ತಿಸುತ್ತಾರೆ ಎಂದಿದ್ದೀರಿ. ಎರಡೂ ನಿಜ. ಕಳೆದ ತಿಂಗಳು ತೆರಕಣಾಂಬಿಯ ಆಚೆ ಅರಳಿ ನಿಂತ ಚೆಂಡು ಹೂವಿನ ಹೊಲದ ನಡುವೆ ಎರಡು ಚಕ್ರದ ಗುರುತು ನೇರ ಸೀಳಿಕೊಂಡು ಹೋಗಿದ್ದನ್ನು ಬಸ್ಸಿನ ಕಿಟಕಿಯಿಂದ ನಾನೇ ನೋಡಿದೆ. ಚಾಮರಾಜನಗರದ ಕಾಲೇಜಿಗೆ ಪಾಠ ಹೇಳಲು ದಿನಾ ಅದೇ ಬಸ್ಸಿನಲ್ಲಿ ಹೋಗಿಬರುವ ನನಗೆ ಆ ಗುರುತು ವಾರಗಟ್ಟಲೆ ಕಣ್ಣಿಗೆ ಚುಚ್ಚಿತು.

ಆದರೂ ನೋಟ್‌ಬುಕ್ ಕಳಿಸಲು ಕೈ ಬರಲಿಲ್ಲ. ಏಳನೆಯ ಪುಟದ ಹತ್ತಿರ ಬಂದು ನಿಂತೆ.

ಬೋರೆಹಟ್ಟಿಯ ಮೂಗಮ್ಮನನ್ನು ಮೊದಲು ಕಂಡದ್ದು ನಿಮಗೆ ನೆನಪಿರಬೇಕು. ತಲೆಯ ಮೇಲೆ ಸೌದೆ ಹೊರೆ, ಕುತ್ತಿಗೆ ಅಲುಗಿಸದೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ್ದಳು. “ಏನ್ಲಾ, ಎಡ್ತೀನ ಕಲ್ಲ್ ಮ್ಯಾಲೆ ಕುಣ್ಸಕ್ಕೆ ಕರ್ಕಂಡ್ ಬಂದಿದ್ದಿಯಾ?” ಎಂದು ನಿಮ್ಮನ್ನು ಕೇಳಿದ್ದಳು. ನಿಮ್ಮ ಕಿವಿ ಕೆಂಪಾಗಿತ್ತು. ನನ್ನ ನೋಟ್‌ಬುಕ್ ಇಸಿದುಕೊಂಡು, ನಾನು ಬರೆದ ಎರಡು ಹುಣಸೆಮರಗಳ ಚಿತ್ರ ನೋಡಿ, “ಇವೇನ್ ಉಣ್ಸೆ ಮರ್ವಾ, ಬಸ್ರಿ ಎಂಗುಸ್ರಾ?” ಎಂದು ನಕ್ಕಿದ್ದಳು. ಆ ಮರಗಳ ಹಿಂದಿನಿಂದ ಹಳ್ಳಕ್ಕೆ ಇಳಿಯುವ ದಾರಿಯನ್ನು ತೋರಿಸಿದ್ದು ಅವಳೇ. ಕೆಳಗೆ ಅರ್ಧ ಮೈಲಿ ಉದ್ದದ ಬೆಳ್ಳನೆ ಮರಳು. ಅದರ ತುದಿಯಲ್ಲಿ ಒಂದು ಮೊಳ ಆಳದ ಒರತೆ. ಬೇಸಿಗೆಯಲ್ಲಿ ಇಡೀ ಹಟ್ಟಿ ಕುಡಿಯುತ್ತಿದ್ದದ್ದು ಆ ನೀರು. ಹುಣಸೆಮರದ ಬಳಿ ಚಪ್ಪಲಿ ಬಿಟ್ಟು, ಮರಳಿನ ಅಂಚಿನಲ್ಲೇ ನಡೆದು, ಸೋರೆಬುರುಡೆಯಿಂದ ಮೇಲುನೀರು ತೆಗೆಯಬೇಕೆಂಬುದು ಅಲ್ಲಿನ ಕಟ್ಟು. ತೆಗೆದು ನಮ್ಮ ಮುಂದೆ ಹಿಡಿದು, “ನಮ್ ಕೈನೀರು ಕುಡ್ದೀರಾ, ಮೈಲ್ಗೆ ಆದದಾ?” ಎಂದಳು. ನಾವು ಕುಡಿದೆವು. ನಮ್ಮ ಮನೆಯಲ್ಲಿ ಅದನ್ನು ಹೇಳಲಿಲ್ಲ. ಅಷ್ಟು ತಣ್ಣನೆಯ ನೀರನ್ನು ನಾನು ಮತ್ತೆಲ್ಲೂ ಕುಡಿದಿಲ್ಲ.

ಹೊರಡುವಾಗ ಅವಳು ನನಗೆ ಹೇಳಿದ್ದು: “ದಾರೀನ ನಿನ್ ಕಾಲ್ಗೆ ತೋರ್ಸಿವ್ನಿ ಕಣಮ್ಮಿ, ಬಾಯ್ಗಲ್ಲ.”

ಎಂಬತ್ತೆರಡರ ಏಪ್ರಿಲ್ಲಿನಲ್ಲಿ ಆ ದಾರಿ ಹೊರಗೆ ಬಿತ್ತು. ಮೈಸೂರಿನಿಂದ ಇಪ್ಪತ್ತಕ್ಕೂ ಹೆಚ್ಚು ಮೋಟಾರ್ ಬೈಕು ಒಂದೇ ಭಾನುವಾರ ಬಂದು, ಮರಳಿನ ಮೇಲೆ ಮಧ್ಯಾಹ್ನದವರೆಗೆ ಪಂದ್ಯ ಆಡಿದವು. ಒರತೆಯ ಬಾಯಿ ಕುಸಿಯಿತು. ಉಳಿದಷ್ಟು ನೀರಿನಲ್ಲಿ ಎಣ್ಣೆ ತೇಲಿತು. ಹಟ್ಟಿಯ ಹೆಂಗಸರು ಮಳೆ ಹಿಡಿಯುವವರೆಗೆ ಎರಡು ತಿಂಗಳು, ಮುಂದಿನ ಬೇಸಿಗೆಗಳಲ್ಲೂ ಹಾಗೇ, ಮೂರು ಮೈಲಿಯಾಚೆಯ ಬಾವಿಯಿಂದ ನೀರು ಹೊತ್ತರು.

ವಿಷಯ ತಿಳಿದು ನಾವು ಹೋದಾಗ, ಕವಲಿನಲ್ಲಿ, ಹಟ್ಟಿಯ ಕಡೆಯ ದಾರಿಯ ಮೇಲೆ ಹಸಿ ಸೊಪ್ಪು ಬಿದ್ದಿತ್ತು. ನಮ್ಮ ಬೈಕಿನ ಸದ್ದು ದೂರದಿಂದಲೇ ಕೇಳಿ ಇಟ್ಟದ್ದು. ಮುರಿದ ತುದಿಯಲ್ಲಿ ಇನ್ನೂ ಪಸೆ ಇತ್ತು. ನೀವು ಜಾವಾ ಅಲ್ಲೇ ನಿಲ್ಲಿಸಿ, ಸೊಪ್ಪನ್ನು ತುಳಿಯದೆ ಪಕ್ಕದಿಂದ ದಾಟಿ, ಒಳಗೆ ನಡೆದಿರಿ; ನಾನು ಹಿಂದೆ ಬಂದೆ. ಮೈಸೂರಿನ ಗ್ಯಾರೇಜಿನಲ್ಲಿ ಗೆಳೆಯರ ಮುಂದೆ ಮರಳಿನ ಹಳ್ಳದ ಮಾತು ಆಡಿದ್ದೆ, ನನ್ನಿಂದಲೇ ಹೋಗಿದ್ದು, ತಪ್ಪಾಯಿತು ಎಂದು ಕೈಮುಗಿದಿರಿ. ಮೂಗಮ್ಮ ನೀರು ಕೊಡಲಿಲ್ಲ.

ಆಮೇಲೆ ಮೂರು ಬೇಸಿಗೆ, ಭಾನುವಾರ ಬಂದರೆ ನೀವು ಗುದ್ದಲಿ ಕಟ್ಟಿಕೊಂಡು ಒರತೆ ಅಗೆಯಲು ಹೋಗುತ್ತಿದ್ದಿರಿ. ನಾನು ಉತ್ತರಪತ್ರಿಕೆ ತಿದ್ದಬೇಕೆಂದು ಮನೆಯಲ್ಲಿ ಉಳಿಯುತ್ತಿದ್ದೆ. ತಿದ್ದಲು ಪತ್ರಿಕೆಗಳಿಲ್ಲದ ಭಾನುವಾರಗಳೂ ಇದ್ದವು. ನೀವು ಮಣ್ಣಾದ ಕೈಯಲ್ಲಿ ಬಂದಾಗ ನಾನು ಬಿಸಿನೀರು ಕೊಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ನನಗೆ ನಿಮ್ಮ ಮೇಲೆ ಕೋಪವೆಂದು ನೀವು ಅಂದುಕೊಂಡಿರಿ. ಅಂದುಕೊಳ್ಳಲಿ ಎಂದು ಬಿಟ್ಟೆ. ಜಗಳವೇ ಆಡದ ನಾವಿಬ್ಬರು ಮೈಸೂರಿಗಾದ ನಿಮ್ಮ ವರ್ಗಾವಣೆಯನ್ನು ನೆಪ ಮಾಡಿಕೊಂಡು ಬೇರೆಯಾದದ್ದಕ್ಕೆ ನಮ್ಮ ಊರಿನವರು ಇಂದಿಗೂ ಕಾರಣ ಹುಡುಕುತ್ತಿದ್ದಾರೆ.

ಹೋದ ಭಾನುವಾರ ಬೋರೆಹಟ್ಟಿಗೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಕಿಲೋಮೀಟರ್ ನಡೆದೆ. ಗೋಪಾಲಸ್ವಾಮಿ ಬೆಟ್ಟದ ತಲೆ ಮೋಡದಲ್ಲಿತ್ತು. ಕವಲಿನಲ್ಲಿ ಸೊಪ್ಪಿರಲಿಲ್ಲ, ಈಗ ಇಡುವವರೂ ಕಡಿಮೆ. ಮೂಗಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಕಣ್ಣು ಮಂಜಾಗಿದೆ, ನಾಲಿಗೆ ಹಾಗೇ ಇದೆ. “ಅದ್ನೇಳ್ ವರ್ಸ ಬೇಕಾಯ್ತಾ ನಿಂಗೆ, ಈ ದಾರಿ ಗ್ಯಾನ ಬರಕ್ಕೆ?” ಎಂದಳು. ಒರತೆ ನಾಲ್ಕನೆಯ ವರ್ಷಕ್ಕೆ ತಿರುಗಿ ಬಂತಂತೆ, ಮೊದಲಿಗಿಂತ ಒಂದು ಮೊಳ ಕೆಳಗೆ. ಈಗ ಹಟ್ಟಿಗೆ ಬೋರ್‌ವೆಲ್ ಬಂದಿದೆ. ಆದರೂ ಬಾಣಂತಿಯರಿಗೆ ಒರತೆಯ ನೀರೇ ಆಗಬೇಕಂತೆ. “ಅವ್ನು ಅಗ್ದಿದ್ದು ಕಣಮ್ಮಿ” ಎಂದು ನಿಮ್ಮನ್ನು ನೆನೆದಳು.

ನಾನು ಬಂದ ಕೆಲಸ ಹೇಳಿದೆ. ಈ ಸುತ್ತಿನ ದಾರಿಗಳ ನಕ್ಷೆಗಳನ್ನೆಲ್ಲ ಒಂದು ಯಂತ್ರದಲ್ಲಿ ಇಡುತ್ತಾರೆ, ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನೋಡಿ ಬರಬಹುದು, ನಿಮ್ಮ ದಾರಿಯನ್ನೂ ಕೊಡಬಹುದೇ ಎಂದು ಕೇಳಿದೆ. ಮೊರ ಕೆಳಗಿಟ್ಟಳು. “ಅಷ್ಟ್ ಜನಕ್ಕೂ ನೀರು ಯಾರ್ ಕೊಟ್ಟಾರು?” ಎಂದಳು. ಮತ್ತೆ, “ಬರೋರು ಬರ್ಲಿ, ಬಂದು ಕೇಳ್ಲಿ. ಕಾಗ್ದ ನೋಡ್ಕಂಡ್ ಬಂದೋನು ಯಾರ್ನೂ ಕೇಳಾಕಿಲ್ಲ ಕಣಮ್ಮಿ” ಎಂದಳು.

ಬೋರೆಹಟ್ಟಿಯ ಉತ್ತರ ಇದು. ಉಳಿದ ಹದಿಮೂರು ದಾರಿಗಳ ತುದಿಯಲ್ಲೂ ಒಂದೊಂದು ಊರೋ ಹಟ್ಟಿಯೋ ಇದೆ. ಅವರ ಪರವಾಗಿ ಬೇಡವೆನ್ನಲು ನಾನು ಯಾರು, ಆಗಲೆನ್ನಲು ನೀವು ಯಾರು? ಕೆಲವರು ಬರಲಿ ಎನ್ನಬಹುದು, ಒಂದು ಟೀ ಅಂಗಡಿ ಆದೀತು ಎನ್ನಬಹುದು. ಆದ್ದರಿಂದ ನೋಟ್‌ಬುಕ್ಕನ್ನು ಅಂಚೆಯಲ್ಲಿ ಕಳಿಸುತ್ತಿಲ್ಲ. ಬೇಕಿದ್ದರೆ ಡಿಸೆಂಬರ್ ರಜೆಯಲ್ಲಿ ನೀವೇ ಬನ್ನಿ. ಜೀಪು ಬೇಡ, ಜಾವಾ ಇನ್ನೂ ಓಡುತ್ತದೆಂದು ಕೇಳಿದ್ದೇನೆ. ಒಂದೊಂದು ಊರಿಗೂ ಹೋಗಿ ಕೇಳೋಣ. ಆಗಲಿ ಎಂದವರ ದಾರಿಯನ್ನು ಅವರು ಹೇಳುವ ಕಟ್ಟಿನ ಸಮೇತ, ಅವರ ಊರಿನ ಹೆಸರಿನಲ್ಲೇ ಹಾಕಿ. ನನ್ನ ಹೆಸರು ಬೇಡ. ಬೇಡವೆಂದವರ ಪುಟದಲ್ಲಿ ಒಂದೆಸಳು ತಂಗಡಿ ಸೊಪ್ಪು ಇಟ್ಟು ಮಡಚುತ್ತೇನೆ. ಹಿಂದೆ ಕೂತು ಬರೆಯಲು ನನಗೆ ಇನ್ನೂ ಆಗುತ್ತದೆ, ಕನ್ನಡಕವೊಂದು ಹೆಚ್ಚು ಅಷ್ಟೆ.

ಊಟದ ಹೊತ್ತು ತಪ್ಪಿಸಬೇಡಿ. ಚಳಿಯಲ್ಲಿ ಕಿವಿ ಮುಚ್ಚಿಕೊಳ್ಳಿ.

ಇಂತಿ,
ನಿಮ್ಮ ಹಿಂದೆ ಕೂತು ದಾರಿ ಬರೆದವಳು,
ಗುರುಮಲ್ಲಮ್ಮ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇದರೊಳಗೆ ನಾಲ್ಕು ಮಡಿಕೆಯ ಒಂದು ಹಳೆಯ ಹಾಳೆಯಿದೆ, ನೋಡಿ. ಏಳನೆಯ ದಾರಿ. ಅಕ್ಷರ ನನ್ನದೇ, ಒಂದೂ ಕುಣಿದಿಲ್ಲ; ಕಾಲೇಜಿನ ಮೇಜಿನ ಮೇಲೆ, ಬಿಡುವಿನ ಪೀರಿಯಡ್ಡಿನಲ್ಲಿ ನಕಲು ಮಾಡಿದ್ದು. ಹೊಸದಾಗಿ ಬಂದಿದ್ದ ಅಧ್ಯಾಪಕರೊಬ್ಬರು ನೋಟ್‌ಬುಕ್ ತಿರುವಿ, ಇದು ಕವಿತೆಯ ಹಾಗಿದೆ, ಒಂದು ಪುಟ ಬರೆದುಕೊಡಿ ಎಂದರು. ಅವರ ತಮ್ಮನಿಗೆ ಮೈಸೂರಿನಲ್ಲಿ ಬೈಕಿನ ಗೆಳೆಯರಿದ್ದರೆಂದು ಆಮೇಲೆ ತಿಳಿಯಿತು. ನೀವು ನನ್ನ ನಕ್ಷೆಯಲ್ಲಿ ಕಿಲೋಮೀಟರ್ ಸರಿಯಿದೆಯೇ ಎಂದಷ್ಟೇ ನೋಡುತ್ತಿದ್ದಿರಿ. ಆ ಹೊಗಳಿಕೆಗೆ ನಾನು ಸೋತೆ. ಹುಣಸೆಮರಗಳನ್ನು ಚೆನ್ನಾಗಿ ಬರೆಯಲು ಹೋಗಿ ಜಾಗ ಸಾಲದೆ, ‘ಇಲ್ಲಿ ಚಪ್ಪಲಿ ಬಿಟ್ಟು ಅಂಚಿನಲ್ಲಿ ನಡೆಯಬೇಕು’ ಎಂಬ ಸಾಲನ್ನು ಬಿಟ್ಟೆ.

ಬೈಕಿನವರು ಮರಳಿನಲ್ಲಿ ಬೀಳಿಸಿಹೋದ ಈ ಹಾಳೆಯನ್ನು ಮೂಗಮ್ಮ ಹೆಕ್ಕಿಕೊಂಡಿದ್ದಳು. ಓದು ಬಾರದಿದ್ದರೂ ಬಸುರಿ ಹೆಂಗಸರಂಥ ಆ ಮರಗಳ ಗುರುತು ಅವಳಿಗೆ ಸಿಕ್ಕಿತು. ಅಂದು ನೀವು ಕೈಮುಗಿದು ಒರತೆ ನೋಡಲು ಇಳಿದಾಗ, ಎಲೆಯಡಿಕೆ ಚೀಲದಿಂದ ಇದನ್ನು ತೆಗೆದು ನನ್ನ ಕೈಗೆ ಕೊಟ್ಟು, “ನೀನೇ ಯೋಳು” ಎಂದಿದ್ದಳು. ಹೋದ ಭಾನುವಾರವೂ ಕೇಳಿದ್ದು ಅದನ್ನೇ, “ಯೋಳ್ದಾ?” ಎಂದು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಬಿಸಿಲಿನಲ್ಲಿ ನಾಲ್ಕು ಕಿಲೋಮೀಟರ್ ನಡೆದು ಬಂದವಳಿಗೆ ಅವಳು ನೀರು ಕೊಡಲಿಲ್ಲ. “ಯೋಳ್ಬುಟ್ಟು ಬಾ, ಕೊಟ್ಟೇನು” ಎಂದಳು.

ಈಗ ಹೇಳಿದ್ದೇನೆ. ಡಿಸೆಂಬರಿನಲ್ಲಿ ಜಾವಾದ ಸದ್ದು ಕೇಳದಿದ್ದರೆ ಕವಲಿನಲ್ಲಿ ಸೊಪ್ಪು ಬಿದ್ದಿದೆಯೆಂದು ತಿಳಿದುಕೊಳ್ಳುತ್ತೇನೆ. ಕೇಳಿಸಿದರೆ, ಮೊದಲು ಬೋರೆಹಟ್ಟಿಗೆ ಹೋಗೋಣ. ಬಾಯಾರಿಕೆಯಾಗಿದೆ.