ನಂಬುವಂತಹ ಅಪ್ಪ

ಭಾನುವಾರ, ಬೆಳಿಗ್ಗೆ

ಅಮ್ಮನಿಗೆ,

‘ಪ್ರೀತಿಯ’ ಎಂದು ಬರೆಯಹೋದೆ, ಕೈ ಬರಲಿಲ್ಲ.

ನಿನ್ನ ಆಹ್ವಾನ ತಲುಪಿತು. ನಿನ್ನ ಮಕ್ಕಳ ಕಥಾ ತರಗತಿಯ ವಾರ್ಷಿಕೋತ್ಸವದಲ್ಲಿ, ನನ್ನ ಬರವಣಿಗೆಗೆ ಬುನಾದಿ ಹಾಕಿದ್ದು ಅಮ್ಮನೇ ಎಂದು ನಾನು ನಾಲ್ಕು ಮಾತಾಡಬೇಕಂತೆ. ಹಾಕಿದ್ದು ನೀನೇ, ಇಲ್ಲ ಎಂದವರಾರು? ಎಂಥ ಬುನಾದಿ ಎಂಬುದನ್ನು ಮಾತ್ರ ಇಲ್ಲೇ ಕೇಳಿಸಿಕೋ.

ಹಜಾರದಲ್ಲಿ ಚಾಪೆ ಹಾಸಿ ನೀನು ನಮ್ಮನ್ನೆಲ್ಲ ಸುತ್ತ ಕೂರಿಸುತ್ತಿದ್ದೆ. ಕಥೆ ಓದಿದವರು ಆಮೇಲೆ ತುಟಿ ಪಿಟಕ್ಕೆನ್ನಬಾರದು, ಉಳಿದವರೇ ಮಾತಾಡಬೇಕು ಎಂಬುದು ನಿನ್ನ ಕಟ್ಟಪ್ಪಣೆ. ಮೂರನೇ ತರಗತಿಯಲ್ಲಿದ್ದ ನಾನು ಅಪ್ಪನ ಕಥೆ ಓದಿದೆ. ಊಟ ಆರಿದೆಯೆಂದು ತಟ್ಟೆ ಎಸೆದದ್ದು, ನಿನ್ನ ಕೈ ತಿರುಚಿದ್ದು, ಎಲ್ಲ ಇತ್ತು. ದರ್ಜಿಯ ಮಗಳು, “ಯಾವ ಅಪ್ಪ ಹೀಗೆಲ್ಲ ಮಾಡ್ತಾರೆ ಮಿಸ್? ಬರೀ ಸುಳ್ಳು” ಎಂದಳು. ನೀನು ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡು, “ಹೌದು, ಈ ಅಪ್ಪ ನಂಬೋ ಹಾಗಿಲ್ಲ. ಬದಲಾಯಿಸು” ಎಂದೆ. ನಾನು ಮಾತಾಡುವಂತಿರಲಿಲ್ಲವಲ್ಲ! ನಿನ್ನ ಮುಖವನ್ನೇ ನೋಡುತ್ತಾ ಕೂತೆ. ಮುಂದಿನ ವಾರ ನನ್ನ ಕಥೆಯ ಅಪ್ಪ ಬಲೂನು ತಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂದಿನಿಂದ ನನ್ನ ಯಾವ ಪುಸ್ತಕದಲ್ಲೂ ಅಪ್ಪ ಕೈ ಎತ್ತಿಲ್ಲ. ತಂದೆಯ ಅಂತಃಕರಣವನ್ನು ನನ್ನ ಹಾಗೆ ಬರೆಯುವವರಿಲ್ಲ ಎಂದು ವಿಮರ್ಶಕರು ಹೊಗಳುತ್ತಾರೆ; ನನಗೆ ಮೈ ಉರಿಯುತ್ತದೆ. ನಿಜ ಬರೆಯೋಣವೆಂದು ಎಷ್ಟು ಸಲ ಕೂತಿಲ್ಲ? ಇನ್ನೇನು ತಟ್ಟೆ ಹಾರಬೇಕು, ಅಷ್ಟರಲ್ಲಿ ಆ ದರಿದ್ರ ಬಲೂನು ಬಂದುಬಿಡುತ್ತದೆ.

ಇಷ್ಟಾದರೂ ಸುಮ್ಮನಿದ್ದೆ. ವಯಸ್ಸಾದ ಮೇಲೆ ನಿಮ್ಮಪ್ಪ ತಣ್ಣಗಾಗಿದ್ದಾರೆ ಎಂದು ನೀನು ಹೇಳಿದ್ದನ್ನು ನಂಬಿ ನನ್ನ ಪುಟ್ಟಿಯನ್ನು ರಜೆಗೆ ಅಲ್ಲಿಗೆ ಕಳಿಸಿದೆ. ನಿನ್ನೆ ಅವಳು ಫೋನ್ ಮಾಡಿ, “ನನ್ನ ಕಥೇಲಿ ತಾತ ಅಜ್ಜೀನ ತಳ್ತಾರಮ್ಮ. ಯಾರೂ ನಂಬಲ್ಲ, ತೆಗಿ ಅಂದ್ರು ಅಜ್ಜಿ. ನಾನೇ ನೋಡಿದ್ದಲ್ವಾ?” ಎಂದಳು. ಫೋನ್ ಇಟ್ಟವಳೇ ಡ್ರೈವರನ್ನು ಕರೆದೆ.

ನನ್ನ ಕೈ ಕೆಡಿಸಿದ್ದು ಸಾಕು, ಅವಳದನ್ನು ಮುಟ್ಟಬೇಡ. ಈ ಪತ್ರ ಕೊಟ್ಟ ಡ್ರೈವರ್ ಬಾಗಿಲಲ್ಲೇ ನಿಂತಿರುತ್ತಾನೆ. ಪುಟ್ಟಿಯನ್ನು ಅವನ ಜೊತೆ ಈಗಲೇ ಕಳಿಸು. ನಿನ್ನ ವಾರ್ಷಿಕೋತ್ಸವಕ್ಕೆ ಬೇರೆ ಯಾರನ್ನಾದರೂ ಹುಡುಕಿಕೋ.

ಇಂತಿ,
ನಿನ್ನ ಹಳೆಯ ವಿದ್ಯಾರ್ಥಿನಿ

ತಾ.ಕ.: ಕಾರು ಬೀದಿಯ ತಿರುವಿನಲ್ಲಿದೆ, ನಾನೂ ಅದರಲ್ಲೇ ಇದ್ದೇನೆ. ಅಪ್ಪ ವಾಕಿಂಗ್ ಮುಗಿಸಿ ಬರುವುದರೊಳಗೆ ನಿನ್ನ ಬಟ್ಟೆಯನ್ನೂ ತುಂಬಿಕೊಂಡು ಬಾ. ನೀನು ಹತ್ತುವವರೆಗೂ ಗಾಡಿ ಹೊರಡುವುದಿಲ್ಲ.