ರಿಜಿಸ್ಟರಿನ ಎರಡನೇ ಸಾಲು

ಕಂಪುಂಗ್ ರಾವಾ ಲಾಬು, ಜಕಾರ್ತಾ
ಬುಧವಾರ, 9 ಸೆಪ್ಟೆಂಬರ್ 2015

ಮಗಳು ರುಕೋಯಾಳಿಗೆ ತಾಯಿಯ ಸಲಾಮು.

ಏಳು ವರ್ಷಗಳಲ್ಲಿ ನೀನು ಬರೆದ ಮೊದಲ ಪತ್ರ ಕಳೆದ ವಾರ ತಲುಪಿತು. ಕ್ಷೇಮವೇ ಎಂದು ಕೇಳುವುದಿಲ್ಲ; ಕ್ಷೇಮವಾಗಿದ್ದರೆ ನೀನು ಬರೆಯುತ್ತಿರಲಿಲ್ಲ. ನಿನ್ನ ಗಂಡ ವಾರ್ಸಿತೊ ತೀರಿಕೊಂಡದ್ದು ಅದರಿಂದಲೇ ತಿಳಿಯಿತು. ಅಲ್ಲಾಹ್ ಅವನಿಗೆ ಒಳ್ಳೆಯ ಜಾಗ ಕೊಡಲಿ.

"ನ್ಯಾಕ್, ಅಮ್ಮಾ, ನಾನು ನಿಮ್ಮನೇಲೇ ಇದ್ದೆ ಅಂತ ಒಂದು ಸಾಲು ಬರೆದು ಮೊಹರು ಒತ್ತಿಬಿಡಿ, ಸಾಕು" ಎಂದು ಕೇಳಿದ್ದೀಯ. ಆ ಸಾಲಿದ್ದರೆ ನಿನ್ನ ಹೆಸರೂ ಮಗುವಿನ ಹೆಸರೂ ನಮ್ಮ ಕುಟುಂಬದ ಚೀಟಿಗೆ ಸೇರುತ್ತವೆ. ಈ ಓಣಿ ಒಡೆದ ಮೇಲೆ ಸರ್ಕಾರ ನನಗೆ ಕೊಡುವ ಫ್ಲ್ಯಾಟಿನಲ್ಲಿ ನಿಮಗೂ ಜಾಗವಾಗುತ್ತದೆ. ಮಗುವಿಗೆ ಇಲ್ಲಿಯ ಶಾಲೆ ಸಿಗುತ್ತದೆ. ಯೋಚನೆ ಸರಿಯಾಗಿಯೇ ಇದೆ. ಆದರೆ ಆಗುವುದಿಲ್ಲ.

ನಿನ್ನ ತಾತ ಕೆಸುವಿನ ಗಿಡ ಕಿತ್ತು, ಜೌಗಿಗೆ ಮಣ್ಣು ತುಂಬಿ ಈ ಓಣಿ ಮಾಡಿದರು. ಮೊದಲ ಮುಖ್ಯಸ್ಥರು ಅವರೇ. ಆಮೇಲೆ ನನ್ನ ಗಂಡ, ನಿನ್ನ ಬಾಬೆ, ಅವರು ಹೋದ ಮೇಲೆ ಇಪ್ಪತ್ತೆರಡು ವರ್ಷ ನಾನು. ಹುಟ್ಟಿದವರು, ಮದುವೆಯಾದವರು, ಸತ್ತವರ ಮನೆಯವರು ಯಾರೂ ನನ್ನ ಪತ್ರವಿಲ್ಲದೆ ವಾರ್ಡ್ ಕಚೇರಿಗೆ ಹೋಗಿಲ್ಲ. ಅವುಗಳಲ್ಲಿ ಒಂದೂ ಸುಳ್ಳು ಪತ್ರವಲ್ಲ. ವಾರ್ಸಿತೊ ಮಾಂಸದುಂಡೆ ಮಾರುವ ಬಕ್ಸೊ ಗಾಡಿ ತಳ್ಳಿಕೊಂಡು ಬಂದಾಗ ಅವನ ಹತ್ತಿರ ಈ ನಗರದ ಗುರುತಿನ ಚೀಟಿ ಇರಲಿಲ್ಲ. ಚೀಟಿ ಇಲ್ಲದ ಎಲ್ಲರಿಗೂ ಹೇಳಿದ ಹಾಗೆ ಅವನಿಗೂ ಜಾಗ ಖಾಲಿ ಮಾಡಲು ಹೇಳಿದೆ. ಅವನ ಜೊತೆ ನೀನೂ ಹೋದೆ. ನಿಯಮದ ಪ್ರಕಾರ ಓಣಿಯ ರಿಜಿಸ್ಟರಿನಿಂದ ನಿನ್ನ ಹೆಸರು ತೆಗೆದೆ.

ಕಳೆದ ಗುರುವಾರ ವಲಯ ಕಚೇರಿಯವರು ನಮ್ಮನ್ನೆಲ್ಲ ಕೂರಿಸಿ ವಲಯದ ಚರಿತ್ರೆಯ ಪುಸ್ತಕ ಹಂಚಿದರು. ಬಣ್ಣದ ಚಿತ್ರಗಳಿವೆ. ಡಚ್ಚರ ಕಾಲದ ಸೇತುವೆಗೆ ಮೂರು ಪುಟ. ನಮ್ಮ ಓಣಿ ಇರುವಲ್ಲಿ "ನದಿ ದಂಡೆಯ ಖಾಲಿ ಜಾಗ" ಎಂದು ಅಚ್ಚಾಗಿದೆ. ನಾನು ಎದ್ದು ನಿಂತು ಕೇಳಿದೆ: "ಹಂಗಾದ್ರೆ ಇಪ್ಪತ್ತೆರಡು ವರ್ಷ ನಾನು ಯಾರಿಗಪ್ಪಾ ಮುಖ್ಯಸ್ಥೆ ಆಗಿದ್ದು, ಕಪ್ಪೆಗಳಿಗಾ?" ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕ. ಕೋಪ ಮಾಡಿದ್ದರೆ ಉತ್ತರ ಕೊಡುತ್ತಿದ್ದೆ. "ಇಬು, ತಿಂಡಿ ಡಬ್ಬಿ ತಗೊಂಡ್ರಾ?" ಎಂದು ಕೇಳಿ ಮುಂದಿನ ಸಾಲಿಗೆ ಹೋದ.

ಸೋಮವಾರ ಮೊಹರು ಒಪ್ಪಿಸಿದೆ. ಕಾರ್ಯದರ್ಶಿ ಜುನೈದಿ, "ಇನ್ಮೇಲೆ ನಿಮ್ಮನ್ನ ಏನಂತ ಕರೀಲಿ ಮ್ಪೊಕ್? ಬರೀ ಅಕ್ಕ ಅಂದ್ರೆ ಹೊಡೀತೀರಿ" ಎಂದ. ನಗು ಬರಲಿಲ್ಲ, ಅವನಿಗೂ ಬರಲಿಲ್ಲ. ಗೋಡೆಗಳ ಮೇಲೆ ಕೆಂಪು ನಂಬರು ಬರೆದು ಹೋಗಿದ್ದಾರೆ. ನಮ್ಮದು 41. ಶನಿವಾರ ಯಂತ್ರ ಬರುತ್ತದೆ. ನನಗೆ ಸಿಕ್ಕಿರುವುದು ಹದಿನಾಲ್ಕನೇ ಮಹಡಿ, ಒಬ್ಬರ ಹೆಸರಿಗೆ. ನೋಡಲು ಬರಬೇಡ. ಬಾಗಿಲಲ್ಲಿ ಚೀಟಿ ಕೇಳುತ್ತಾರೆ.

ನಿನ್ನ ತಾಯಿ,
ಮರ್ಹಮಾ

ಮರೆತ ಮಾತು: ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಸೋಮವಾರ ಮೊಹರು ಕೊಡುವ ಮೊದಲು ನೀನು ಕೇಳಿದ ಸಾಲು ಬರೆದೆ, ಒತ್ತಿದೆ. ಓಣಿಯ ರಿಜಿಸ್ಟರಿನಿಂದ ನಿನ್ನ ಪುಟ ಹರಿದು ಒಲೆಗೆ ಹಾಕಿದೆ. ಆ ಪತ್ರವನ್ನು ನಾನೇ ವಾರ್ಡ್ ಕಚೇರಿಗೆ ಒಯ್ದೆ. ಅಲ್ಲಿಯ ಹುಡುಗಿ ಕಪಾಟಿನಿಂದ ರಿಜಿಸ್ಟರಿನ ಪ್ರತಿ ತೆಗೆದಳು. ಬೇರೆ ಯಾವ ಓಣಿಯವರೂ ಪ್ರತಿ ಕೊಡುತ್ತಿರಲಿಲ್ಲ. ನಾನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಜೋರಾಗಿ ಓದಿದಳು: "ಸ್ವಂತ ಇಚ್ಛೆಯಿಂದ ಹೋದಳು. ಮತ್ತೆ ಈ ಮನೆಗೆ ಸೇರಿಸತಕ್ಕದ್ದಲ್ಲ." ನಿಯಮಕ್ಕೆ ಬೇಕಿದ್ದದ್ದು ಮೊದಲನೇ ಸಾಲು ಮಾತ್ರ. ಎರಡನೆಯದನ್ನು ಯಾರೂ ಕೇಳಿರಲಿಲ್ಲ. "ಇದು ನಿಮ್ಮ ಅಕ್ಷರಾನೇ ಅಲ್ವಾ ಇಬು?" ಎಂದಳು. ಹೌದು ಎಂದೆ.

ಮಗುವಿನ ಹೆಸರನ್ನು ನೀನು ಬರೆದೇ ಇರಲಿಲ್ಲ. ನಾನು ಮೊಹರು ಒತ್ತಿದ ಪತ್ರದಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿದ್ದೆ.