ಕೆಮ್ಮಿದವನ ಪಾತ್ರ

ಕ್ರಾಯ್ಡನ್,
ಭಾನುವಾರ

ಪ್ರೀತಿಯ ರೊವೀನಾ,

ನನಗೊಂದು ನಾಟಕ ಸಿಕ್ಕಿದೆ. ಆ ಪ್ರಸಿದ್ಧ ಸಿನಿಮಾ ಗೂಢಚಾರನ ಪಾತ್ರಕ್ಕೆ ನಟನನ್ನು ಹುಡುಕಿದ ಕಥೆ, ಪೂರ್ತಿ ಹಾಸ್ಯ. ಆಯ್ಕೆಯ ದಿನ ಸಿಗರೇಟು ಹಚ್ಚಲು ಹೋಗಿ, ಕೆಮ್ಮಿ ಕೆಮ್ಮಿ ಅವಕಾಶ ಕಳೆದುಕೊಳ್ಳುವವನ ವೇಷ ನನ್ನದು. ವಿಗ್ ಹಾಕಿ ಮೂವತ್ತರವನನ್ನಾಗಿ ಮಾಡಿದ್ದಾರೆ. ಆ ಕಾಲದ ನಿಜವಾದ ಆಯ್ಕೆಯಲ್ಲಿ ಹಾಗೆ ಕೆಮ್ಮಿದವನು ನಾನೇ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ನಿನಗೂ ಇದೇ ಮೊದಲ ಸಲ ಹೇಳುತ್ತಿರುವುದು.

ತಾಲೀಮಿನಲ್ಲಿ ನಿರ್ದೇಶಕಿ, "ಸ್ವಲ್ಪ ಕಡಿಮೆ ಮಾಡಿ ಡೆನ್ಜಿಲ್, ನಿಜವಾಗ್ಲೂ ಯಾರಾದ್ರೂ ಹೀಗೆ ಕೆಮ್ತಾರಾ?" ಎಂದಳು.

"ಇಲ್ಲ ಬಿಡಮ್ಮಾ," ಎಂದು ಕಡಿಮೆ ಮಾಡಿದೆ.

ನಿನ್ನೆ ಮೊದಲ ಪ್ರದರ್ಶನ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ನಾನು ಹೆದರಿದ್ದು ಈ ನಗುವಿಗೇ. ಎದುರು ನಿಂತು ಕೇಳಿದರೆ ಅಷ್ಟೇನೂ ಕೆಟ್ಟದಾಗಿಲ್ಲ.

ಶನಿವಾರ ಬಾ. ಮುಂದಿನ ಸಾಲಿನಲ್ಲಿ ಟಿಕೆಟ್ ತೆಗೆದಿಟ್ಟಿರುತ್ತೇನೆ. ನಗು ಬಂದರೆ ತಡೆಯಬೇಡ.

ನಿನ್ನ ಅಪ್ಪ,
ಡೆನ್ಜಿಲ್